ಕ್ಯಾನ್ಸರ್ ರೋಗಿಗೆ ವಿಪರೀತ ಬಾಯಾರಿಕೆಯೇ? ರಕ್ತದ ಕ್ಯಾಲ್ಸಿಯಂ ನೋಡಿಸಿ

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಒಬ್ಬರು ಮನೆಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ವಾರದಿಂದ ಅವರು ಚೆಂಬುಗಟ್ಟಲೆ ನೀರು ಕುಡಿಯುತ್ತಾರೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಊಟ ಸೇರುವುದಿಲ್ಲ, ವಾಕರಿಕೆ ಬೇರೆ. ನಾಲ್ಕು ದಿನವಾದರೂ ಹೊಟ್ಟೆ ಹೋಗಿಲ್ಲ. ಆಮೇಲೆ ಹಗಲಲ್ಲೂ ನಿದ್ದೆ ಶುರುವಾಗುತ್ತದೆ. ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ, ಅಸರ್ ನಮಾಝ್ ಮಾಡಿದ್ದೇನೋ ಇಲ್ಲವೋ ಎಂದು ಹತ್ತು ಸಲ ಕೇಳುತ್ತಾರೆ.

ಇದನ್ನು ನೋಡಿ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಒಬ್ಬರು ಶುಗರ್ ಬಂದಿದೆ ಅಂತಾರೆ. ಇನ್ನೊಬ್ಬರು ಕೀಮೋದ ಉಷ್ಣ ಅಂತಾರೆ. ಮತ್ತೊಬ್ಬರಿಗೆ ಇದು ಕಣ್ಣು ತಾಗಿದ್ದು, ಶೈತಾನನ ಉಪದ್ರ. ಕೊನೆಗೆ ಹಿರಿಯರೊಬ್ಬರು ಮೆಲ್ಲಗೆ, "ಇನ್ನು ದುಆ ಮಾಡೋದೊಂದೇ ಬಾಕಿ" ಎಂದುಬಿಡುತ್ತಾರೆ. ಈ ನಾಲ್ಕೂ ಅಲ್ಲದ ಇನ್ನೊಂದು ಕಾರಣ ಇರಬಹುದು. ಒಂದು ಸಾಮಾನ್ಯ ರಕ್ತಪರೀಕ್ಷೆಯಿಂದ ಅದು ಗೊತ್ತಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ, ಮಿತಿಮೀರಿ ಏರಿರುವುದು. ಕ್ಯಾನ್ಸರ್ ರೋಗಿಗಳಲ್ಲಿ ಇದು ಅಪರೂಪದ ಸಂಗತಿ ಅಲ್ಲ. ಸಮಯಕ್ಕೆ ಆಸ್ಪತ್ರೆ ಸೇರಿದರೆ ಇಳಿಸಬಹುದಾದ ಸ್ಥಿತಿ ಇದು. ಮನೆಯಲ್ಲೇ ಇಟ್ಟುಕೊಂಡರೆ ಕಿಡ್ನಿ ಕೆಟ್ಟು ಪ್ರಜ್ಞೆ ತಪ್ಪಿ ಜೀವ ಹೋಗಬಹುದು.

ನಾನು ಕಲಿಸುವ ಬಂಡ್ರಿ ಸಂಡೂರು ತಾಲೂಕಿನ ಊರು. ಕರಾವಳಿಯಲ್ಲಿ ನಮ್ಮಂಥವರನ್ನು ಉಸ್ತಾದ್ ಅಂತಾರೆ, ಇಲ್ಲಿಯವರು ಹಜರತ್ ಅಂತಾರೆ. ಕರೆಯುವ ಹೆಸರು ಬೇರೆಯಾದರೂ ಕಾಯಿಲೆಯವರ ಮನೆಯಿಂದ ಬರುವವರ ಕೈಯಲ್ಲಿ ಅದೇ ನೀರಿನ ಬಾಟಲಿ, ಬಾಯಲ್ಲಿ ಅದೇ ಮಾತು: "ಸ್ವಲ್ಪ ಓದಿ ಊದಿ ಕೊಡಿ." ಓದಿ ಊದಿ ಕೊಡುತ್ತೇವೆ. ಅಲ್ಲಾಹನ ಕಲಾಮಿನಲ್ಲಿ ಶಿಫಾ ಉಂಟು ಎಂಬುದು ನಮ್ಮ ಈಮಾನ್. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಹೇಳಿಕೊಟ್ಟವರೂ ನಮ್ಮ ಪ್ರವಾದಿಯವರೇ (ಸ). ಹಾಗಾಗಿ ಬಾಟಲಿ ಹಿಡಿದು ಬಂದವರಿಗೆ ಏನು ಕೇಳಬೇಕು, ಎಲ್ಲಿಗೆ ಕಳಿಸಬೇಕು ಎಂಬುದು ಮದ್ರಸದ ಉಸ್ತಾದರಿಗೂ, ಜಮಾಅತ್ ಕಮಿಟಿಯವರಿಗೂ ತಿಳಿದಿರಬೇಕು. ಅದಕ್ಕಾಗಿ ಈ ಬರಹ.

ಕಿಡ್ನಿ ದಿನವೂ ಮಾಡುವ ಕೆಲಸ

ನಮ್ಮ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಮತ್ತು ಹಲ್ಲಿನಲ್ಲೇ ಇದೆ. ರಕ್ತದಲ್ಲಿರುವುದು ಬಹಳ ಸ್ವಲ್ಪ, 100 ಮಿಲಿಲೀಟರ್‌ಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಆದರೆ ಹೃದಯ ಬಡಿಯುವುದಕ್ಕೆ, ನರ ಕೆಲಸ ಮಾಡುವುದಕ್ಕೆ, ಕರುಳು ಅಲುಗುವುದಕ್ಕೆ ಈ ಸ್ವಲ್ಪವೇ ಬೇಕು. ಅದಕ್ಕೇ ಅಲ್ಲಾಹನು ಇದರ ಲೆಕ್ಕವನ್ನು ಬಲು ಬಿಗಿಯಾಗಿ ಇಟ್ಟಿದ್ದಾನೆ. ಲೆಕ್ಕ ನೋಡಿಕೊಳ್ಳುವವರು ಮೂವರು: ಎಲುಬು, ಕರುಳು, ಕಿಡ್ನಿ. ಇವರಿಗೆ ಆದೇಶ ಕೊಡುವುದು ಕುತ್ತಿಗೆಯಲ್ಲಿರುವ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳು. ಅವಕ್ಕೆ ಪ್ಯಾರಾಥೈರಾಯ್ಡ್ ಎಂದು ಹೆಸರು.

ಎರಡು ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಆ ಸೋಸಿದ ನೀರಿನ ಜೊತೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ ಕಿಡ್ನಿಯ ಸಣ್ಣ ನಾಳಗಳಿಗೆ ಇಳಿಯುತ್ತದೆ. ಅಷ್ಟನ್ನೂ ಮೂತ್ರದಲ್ಲಿ ಬಿಟ್ಟರೆ ಎಲುಬೆಲ್ಲ ಖಾಲಿ. ಆದ್ದರಿಂದ ನಾಳಗಳು ಅದರಲ್ಲಿ ನೂರಕ್ಕೆ 98 ಪಾಲನ್ನು ವಾಪಸ್ ರಕ್ತಕ್ಕೆ ಎತ್ತಿಕೊಳ್ಳುತ್ತವೆ. ಮೂತ್ರದಲ್ಲಿ ಹೋಗುವುದು ದಿನಕ್ಕೆ ಸುಮಾರು 200 ಮಿಲಿಗ್ರಾಂ ಮಾತ್ರ.

ಈ ವಾಪಸಾತಿ ಮೂರು ಹಂತದಲ್ಲಿ ಆಗುತ್ತದೆ. ನಾಳದ ಮೊದಲ ಭಾಗದಲ್ಲಿ ಮೂರರಲ್ಲಿ ಎರಡು ಪಾಲು. ಇಲ್ಲಿ ಕ್ಯಾಲ್ಸಿಯಂ ಉಪ್ಪಿನ ಬೆನ್ನು ಹಿಡಿದು ಹೋಗುತ್ತದೆ, ಉಪ್ಪನ್ನು ಎಷ್ಟು ಎಳೆದುಕೊಂಡರೆ ಕ್ಯಾಲ್ಸಿಯಂ ಕೂಡ ಅಷ್ಟೇ ಬರುತ್ತದೆ. ಈ ಮಾತು ನೆನಪಿರಲಿ, ಚಿಕಿತ್ಸೆಯ ಗುಟ್ಟು ಇದರಲ್ಲೇ ಇದೆ. ಎರಡನೇ ಹಂತದಲ್ಲಿ ಇನ್ನೊಂದು ಕಾಲು ಪಾಲು. ಕೊನೆಯ ಹಂತದಲ್ಲಿ ಉಳಿದ ಹತ್ತನೇ ಒಂದು ಪಾಲಿನಷ್ಟು. ಪ್ಯಾರಾಥೈರಾಯ್ಡ್‌ನ ಆದೇಶ ಮುಖ್ಯವಾಗಿ ನಡೆಯುವುದು ಈ ಕೊನೆಯ ಹಂತದಲ್ಲಿ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ "ಬಿಡಬೇಡ, ಹಿಡಿ" ಎನ್ನುತ್ತದೆ. ಜಾಸ್ತಿಯಾದರೆ ಗ್ರಂಥಿ ಸುಮ್ಮನಾಗುತ್ತದೆ, ಕಿಡ್ನಿ ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ.

ಗಡ್ಡೆಯ ನಕಲಿ ಆದೇಶ

ಕ್ಯಾನ್ಸರ್ ಈ ಲೆಕ್ಕವನ್ನು ಕೆಡಿಸುವುದು ಮೂರು ದಾರಿಯಲ್ಲಿ. ಹೆಚ್ಚಾಗಿ ಕಾಣುವುದು, ಐದರಲ್ಲಿ ನಾಲ್ಕು ಪಾಲು ರೋಗಿಗಳಲ್ಲಿ, ನಕಲಿ ಹಾರ್ಮೋನಿನ ದಾರಿ. ಗಡ್ಡೆ ತಾನೇ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಒಂದು ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1941ರಲ್ಲೇ ಹೀಗೊಂದು ವಸ್ತು ಇರಬೇಕು ಎಂದು ಊಹಿಸಿದ್ದರು. ಅದನ್ನು ಗಡ್ಡೆಯಿಂದ ಬೇರ್ಪಡಿಸಿ ಗುರುತಿಸಿದ್ದು 1987ರಲ್ಲಿ. ಡಾಕ್ಟರುಗಳು ಅದನ್ನು ಪಿಟಿಎಚ್‌ಆರ್‌ಪಿ ಎಂದು ಕರೆಯುತ್ತಾರೆ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ, ಗರ್ಭಕೊರಳು, ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಇದು ಕಾಣುವುದುಂಟು.

ಈ ನಕಲಿ ಆದೇಶ ಏಕಕಾಲಕ್ಕೆ ಎರಡು ಕಡೆ ಹೋಗುತ್ತದೆ. ಎಲುಬಿಗೆ "ಕರಗು, ಕ್ಯಾಲ್ಸಿಯಂ ಬಿಡು" ಎನ್ನುತ್ತದೆ. ಕಿಡ್ನಿಗೆ "ಹೊರಗೆ ಬಿಡಬೇಡ" ಎನ್ನುತ್ತದೆ. ಒಳಗೆ ಬರುವ ಬಾಗಿಲು ಪೂರ್ತಿ ತೆರೆದು, ಹೊರಗೆ ಹೋಗುವ ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಕುತ್ತಿಗೆಯ ಅಸಲಿ ಗ್ರಂಥಿ ಆಗ ಮೌನವಾಗಿಯೇ ಇರುತ್ತದೆ. ರಕ್ತ ಪರೀಕ್ಷೆ ಮಾಡಿದರೆ ಅಸಲಿ ಹಾರ್ಮೋನು ತೀರಾ ಕಡಿಮೆ, ಕ್ಯಾಲ್ಸಿಯಂ ಮಾತ್ರ ಜಾಸ್ತಿ. ಕಾರಣ ಗಡ್ಡೆಯಲ್ಲಿದೆಯೇ, ಗ್ರಂಥಿಯಲ್ಲಿದೆಯೇ ಎಂದು ಡಾಕ್ಟರು ತಿಳಿಯುವುದು ಹೀಗೆ.

ಎರಡನೇ ದಾರಿಯಲ್ಲಿ ಕ್ಯಾನ್ಸರ್ ಎಲುಬಿನೊಳಗೇ ಕೂತು ಅದನ್ನು ಕೊರೆಯುತ್ತದೆ. ಸ್ತನ ಕ್ಯಾನ್ಸರ್ ಎಲುಬಿಗೆ ಹರಡಿದಾಗ ಮತ್ತು ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಹೀಗಾಗುತ್ತದೆ. ಮೂರನೆಯದು ಅಪರೂಪ. ಕೆಲವು ಲಿಂಫೋಮಾಗಳು ಚುರುಕಾದ ವಿಟಮಿನ್ ಡಿಯನ್ನು ಅತಿಯಾಗಿ ತಯಾರಿಸುತ್ತವೆ. ಆಗ ಕರುಳು ಆಹಾರದ ಕ್ಯಾಲ್ಸಿಯಂ ಅನ್ನು ಹೆಚ್ಚೆಚ್ಚು ಎಳೆದುಕೊಳ್ಳುತ್ತದೆ.

ನೀರು ಹೋಯಿತು, ಹೂಳು ಉಳಿಯಿತು

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ತುಂಬಿದ ನೀರೆಲ್ಲ ನದಿ ಪಾಲಾಗುತ್ತಿದೆ ಎಂದು ಈ ಭಾಗದ ರೈತರು ಕಂಗಾಲಾಗಿದ್ದರು. ನೀರು ಹೋಯಿತು, ವರ್ಷಗಟ್ಟಲೆಯಿಂದ ತಳದಲ್ಲಿ ಕೂತ ಹೂಳು ಮಾತ್ರ ಹೋಗಲಿಲ್ಲ. ಕ್ಯಾಲ್ಸಿಯಂ ಏರಿದ ರೋಗಿಯ ಕಿಡ್ನಿಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ.

ನಾಳದ ಎರಡನೇ ಹಂತದಲ್ಲಿ ರಕ್ತದ ಕ್ಯಾಲ್ಸಿಯಂ ಎಷ್ಟಿದೆ ಎಂದು ನೋಡುವ ಒಂದು ಕಾವಲುಗಾರ ಇದ್ದಾನೆ. ಕ್ಯಾಲ್ಸಿಯಂ ಏರಿತೆಂದರೆ ಅವನು ಉಪ್ಪು ಎತ್ತುವ ಪಂಪನ್ನು ನಿಧಾನ ಮಾಡುತ್ತಾನೆ. ಉಪ್ಪು ಹೊರಗೆ ಹೋಗುತ್ತದೆ, ಅದರ ಜೊತೆ ಸ್ವಲ್ಪ ಕ್ಯಾಲ್ಸಿಯಂ ಕೂಡ. ಒಳ್ಳೆಯ ಮನುಷ್ಯನಲ್ಲಿ ಇದು ಒಳ್ಳೆಯ ವ್ಯವಸ್ಥೆ. ಆದರೆ ಇದೇ ಪಂಪು ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವುದಕ್ಕೂ ಬೇಕು. ಅದರ ಮೇಲೆ, ಹೆಚ್ಚಿದ ಕ್ಯಾಲ್ಸಿಯಂ ಮೂತ್ರನಾಳದ ಕೊನೆಯಲ್ಲಿ ನೀರನ್ನು ಮರಳಿ ಹೀರುವ ಬಾಗಿಲುಗಳನ್ನೂ ಮುಚ್ಚಿಸುತ್ತದೆ. ಪರಿಣಾಮವಾಗಿ ನೀರು ಧಾರೆಧಾರೆಯಾಗಿ ಮೂತ್ರದಲ್ಲಿ ಹೋಗುತ್ತದೆ. ಶುಗರ್ ಇಲ್ಲದೆಯೂ ಶುಗರ್ ರೋಗಿಯಂತೆ ಮೂತ್ರ, ಬಾಯಾರಿಕೆ.

ಇದರ ಜೊತೆ ವಾಂತಿ, ಊಟವಿಲ್ಲ. ದೇಹ ಒಣಗುತ್ತದೆ. ಕಿಡ್ನಿಗೆ ಬರುವ ರಕ್ತ ಕಡಿಮೆಯಾಗುತ್ತದೆ, ಸೋಸುವುದೂ ಕಡಿಮೆಯಾಗುತ್ತದೆ. ಒಣಗಿದ ದೇಹದಲ್ಲಿ ನಾಳದ ಮೊದಲ ಭಾಗ ಉಪ್ಪನ್ನು ಗಬಗಬನೆ ವಾಪಸ್ ಎಳೆಯುತ್ತದೆ. ಉಪ್ಪಿನ ಬೆನ್ನು ಹಿಡಿದು ಕ್ಯಾಲ್ಸಿಯಂ ಕೂಡ ರಕ್ತಕ್ಕೆ ಮರಳುತ್ತದೆ. ಕ್ಯಾಲ್ಸಿಯಂ ಇನ್ನೂ ಏರುತ್ತದೆ, ಮೂತ್ರ ಇನ್ನೂ ಹೋಗುತ್ತದೆ, ದೇಹ ಇನ್ನೂ ಒಣಗುತ್ತದೆ. ಗಾಣದೆತ್ತಿನ ಹಾಗೆ ಸುತ್ತುವ ಈ ಚಕ್ರ ಎಲ್ಲಾದರೂ ಒಂದು ಕಡೆ ತುಂಡಾಗದೆ ನಿಲ್ಲುವುದಿಲ್ಲ.

ಮೆದುಳು, ಕರುಳು, ಹೃದಯ ಎಲ್ಲದಕ್ಕೂ ಇದರ ಪೆಟ್ಟು ಬೀಳುತ್ತದೆ. ಮಲಬದ್ಧತೆ, ಮಂಪರು, ಗೊಂದಲ, ಸುಸ್ತು ಎಲ್ಲ ಅದರದ್ದೇ. ಕ್ಯಾಲ್ಸಿಯಂ 12ರ ಒಳಗಿದ್ದರೆ ಸೌಮ್ಯ, 12ರಿಂದ 14ರವರೆಗೆ ಮಧ್ಯಮ, 14 ದಾಟಿದರೆ ತುರ್ತು ಎಂಬುದು ವೈದ್ಯರ ಸಾಮಾನ್ಯ ಲೆಕ್ಕ. ಸಂಖ್ಯೆ ಎಷ್ಟೇ ಇರಲಿ, ಗೊಂದಲ ಅಥವಾ ಮಂಪರು ಶುರುವಾದರೆ ಕಾಯಬಾರದು.

ಗ್ಲೂಕೋಸ್ ಬಾಟಲಿ ಸಾಕಾಗದು

ಹಳ್ಳಿ ಕಡೆ ಸುಸ್ತು ಎಂದರೆ ಮೊದಲ ಮದ್ದು "ಒಂದು ಬಾಟಲಿ ಗ್ಲೂಕೋಸ್". ಹಾಕಿಸಿಕೊಂಡವರಿಗೆ ಒಂದು ಗಂಟೆ ಹಾಯ್ ಅನ್ನಿಸಬಹುದು. ಆದರೆ ಈ ಕಾಯಿಲೆಗೆ ಬೇಕಾದ್ದು ಸಲೈನ್, ಅಂದರೆ ಉಪ್ಪುನೀರಿನ ಡ್ರಿಪ್. ಮೇಲೆ ಹೇಳಿದ ಗುಟ್ಟು ಇಲ್ಲಿ ಕೆಲಸಕ್ಕೆ ಬರುತ್ತದೆ. ದೇಹಕ್ಕೆ ಉಪ್ಪು ಮತ್ತು ನೀರು ತುಂಬಿಕೊಟ್ಟರೆ ಕಿಡ್ನಿಗೆ ರಕ್ತ ಸರಿಯಾಗಿ ಬರುತ್ತದೆ, ನಾಳದ ಮೊದಲ ಭಾಗ ಉಪ್ಪಿನ ಆಸೆ ಬಿಡುತ್ತದೆ, ಉಪ್ಪಿನ ಜೊತೆ ಕ್ಯಾಲ್ಸಿಯಂ ಕೂಡ ಮೂತ್ರಕ್ಕೆ ಇಳಿಯುತ್ತದೆ. ಚಕ್ರ ಮೊದಲು ತುಂಡಾಗುವುದು ಇಲ್ಲಿ. ಗ್ಲೂಕೋಸ್ ನೀರಿನಲ್ಲಿ ಆ ಉಪ್ಪು ಇಲ್ಲ. ಎಷ್ಟು ಸಲೈನ್, ಯಾವ ವೇಗದಲ್ಲಿ ಎಂಬುದನ್ನು ಆಸ್ಪತ್ರೆಯಲ್ಲಿ ಹೃದಯ ಮತ್ತು ಮೂತ್ರದ ಪ್ರಮಾಣ ನೋಡಿ ನಿರ್ಧರಿಸಬೇಕು. ಹೃದಯ ದುರ್ಬಲವಾದವರಿಗೆ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇದನ್ನು ಮನೆಯಲ್ಲಿ ಮಾಡಿಸುವಂತಿಲ್ಲ.

ಎಲುಬು ಕರಗುವುದನ್ನು ನಿಲ್ಲಿಸಲು ಜೋಲೆಡ್ರಾನಿಕ್ ಆಸಿಡ್ ಎಂಬ ಡ್ರಿಪ್ ಇದೆ. ಇದರ ಪರಿಣಾಮ ಕಾಣಲು ಎರಡರಿಂದ ನಾಲ್ಕು ದಿನ ಬೇಕು. ಅಷ್ಟರವರೆಗೆ ಬೇಗ ಇಳಿಸಲು ಕ್ಯಾಲ್ಸಿಟೋನಿನ್ ಇಂಜೆಕ್ಷನ್ ಕೊಡುತ್ತಾರೆ. ಅದು ಕೆಲವೇ ಗಂಟೆಯಲ್ಲಿ ಕೆಲಸ ಶುರುಮಾಡಿದರೂ ಎರಡು ದಿನದ ನಂತರ ಅದರ ಬಲ ಕುಂದುತ್ತದೆ. ಕಿಡ್ನಿ ತೀರಾ ಕೆಟ್ಟಿದ್ದರೆ ಜೋಲೆಡ್ರಾನಿಕ್ ಬದಲು ಡೆನೊಸುಮಾಬ್ ಇಂಜೆಕ್ಷನ್, ಕೆಲವೊಮ್ಮೆ ಡಯಾಲಿಸಿಸ್. ಲಿಂಫೋಮಾದ ದಾರಿಯಿಂದ ಬಂದದ್ದಾದರೆ ಸ್ಟೀರಾಯ್ಡ್ ಮಾತ್ರೆ ಕೆಲಸ ಮಾಡುತ್ತದೆ.

ಮನೆಯವರು ಮಾಡಬಹುದಾದ ದೊಡ್ಡ ಸಹಾಯ ಎಂದರೆ ರೋಗಿ ತಿನ್ನುವ ಎಲ್ಲ ಮಾತ್ರೆಗಳ ಚೀಟಿಯನ್ನು ಡಾಕ್ಟರ ಮುಂದೆ ಇಡುವುದು. ಬಿಪಿ ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಎಂಬ ಮೂತ್ರ ಬರಿಸುವ ಔಷಧ ಸೇರಿರುವುದುಂಟು. ಅವು ಕಿಡ್ನಿ ಕ್ಯಾಲ್ಸಿಯಂ ಬಿಡದಂತೆ ಮಾಡುತ್ತವೆ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ, ಮೈಕೈ ನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಇವೂ ಈ ಹೊತ್ತಿಗೆ ಅಪಾಯ. ಯಾವುದನ್ನು ನಿಲ್ಲಿಸಬೇಕೆಂದು ಡಾಕ್ಟರೇ ಹೇಳಲಿ.

ರಿಪೋರ್ಟ್ ಓದುವಾಗ

ಪರೀಕ್ಷೆ ಬರೆಸುವಾಗ ಕ್ಯಾಲ್ಸಿಯಂ ಒಂದನ್ನೇ ಅಲ್ಲ, ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಕೂಡ ಬರೆಸಬೇಕು. ರಕ್ತದ ಕ್ಯಾಲ್ಸಿಯಂನ ಅರ್ಧದಷ್ಟು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಊಟವಿಲ್ಲದೆ ಸೊರಗಿದ ರೋಗಿಯಲ್ಲಿ ಆಲ್ಬುಮಿನ್ ಕಡಿಮೆ ಇರುವುದರಿಂದ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆ ಇದೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸುವುದು ವೈದ್ಯರ ರೂಢಿ. ಉದಾಹರಣೆಗೆ ಕ್ಯಾಲ್ಸಿಯಂ 11.2, ಆಲ್ಬುಮಿನ್ 2.5 ಇದ್ದರೆ ಕೊರತೆ 1.5, ಅದರಿಂದ 1.2 ಕೂಡಿಸಿ 12.4 ಆಗುತ್ತದೆ. "ಸ್ವಲ್ಪವೇ ಜಾಸ್ತಿ" ಎಂದು ಕಂಡದ್ದು ನಿಜವಾಗಿ ಮಧ್ಯಮ ಹಂತದ್ದು. ಅಯಾನೈಸ್ಡ್ ಕ್ಯಾಲ್ಸಿಯಂ ಪರೀಕ್ಷೆ ಸಿಗುವ ಕಡೆ ಈ ಲೆಕ್ಕ ಬೇಕಿಲ್ಲ.

ಜನ ಕೇಳುವ ಎರಡು ಪ್ರಶ್ನೆ. ಹಾಲು ನಿಲ್ಲಿಸಬೇಕೇ? ಹೆಚ್ಚಿನವರಲ್ಲಿ ಈ ಕ್ಯಾಲ್ಸಿಯಂ ಬರುವುದು ಎಲುಬಿನಿಂದ. ಹಾಲು ಬಿಟ್ಟರೆ ಅದು ಇಳಿಯುವುದಿಲ್ಲ, ರೋಗಿ ಇನ್ನಷ್ಟು ಸೊರಗುತ್ತಾರೆ ಅಷ್ಟೇ. ಲಿಂಫೋಮಾ ಇದ್ದವರ ಮಾತು ಬೇರೆ, ಡಾಕ್ಟರನ್ನು ಕೇಳಿ. ವೀಳ್ಯದ ಸುಣ್ಣದಿಂದ ಬಂತೇ? ಕ್ಯಾನ್ಸರ್ ಗಡ್ಡೆಯಿಂದ ಬಂದದ್ದಕ್ಕೆ ಸುಣ್ಣ ಕಾರಣ ಅಲ್ಲ. ಆದರೆ ವೀಳ್ಯದ ಜೊತೆಗಿನ ಅಡಿಕೆ, ತಂಬಾಕಿನ ಬಗ್ಗೆ ಬೇರೆಯೇ ಲೆಕ್ಕ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕನ್ನು ಮಾತ್ರವಲ್ಲ, ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ಪಟ್ಟಿ ಮಾಡಿದೆ. ಕರಾವಳಿಯ ಎಷ್ಟೋ ಮನೆಗಳ ಅನ್ನ ಅಡಿಕೆಯಿಂದಲೇ ಬರುತ್ತದೆ, ಈ ಮಾತು ಕಹಿ ಎಂದು ಗೊತ್ತುಂಟು. ಆದರೂ ಬಾಯಿ, ಗಂಟಲಿನ ಗಡ್ಡೆಗಳೇ ಈ ನಕಲಿ ಹಾರ್ಮೋನು ಬಿಡುವ ಗುಂಪಿಗೆ ಸೇರಿದವು ಎಂಬುದನ್ನು ಗುಟ್ಕಾ ಜಗಿಯುವ ನಮ್ಮ ಹುಡುಗರಿಗೆ ಹೇಳದೆ ಇರುವುದು ಸರಿಯಲ್ಲ.

ನೋಂಬು, ಕರ್ಝ್, ವಸಿಯ್ಯತ್

ರಮಝಾನ್ ಬಂದಾಗ ಕ್ಯಾನ್ಸರ್ ಇರುವ ಹಿರಿಯರು "ಒಂದು ನೋಂಬೂ ಬಿಡಲ್ಲ" ಎಂದು ಹಠ ಹಿಡಿಯುವುದುಂಟು. ಬಳ್ಳಾರಿ ಸೀಮೆಯ ಬಿಸಿಲಲ್ಲಿ, ಕ್ಯಾಲ್ಸಿಯಂ ಏರಿದ ದೇಹಕ್ಕೆ ಹದಿಮೂರು ಹದಿನಾಲ್ಕು ಗಂಟೆ ನೀರಿಲ್ಲದಿರುವುದು ಮೇಲಿನ ಚಕ್ರವನ್ನು ಜೋರಾಗಿ ತಿರುಗಿಸಿದ ಹಾಗೆ. ಅಲ್ ಬಖರಃ ಅಧ್ಯಾಯದ 184 ಮತ್ತು 185ನೇ ಆಯತ್‌ಗಳು ರೋಗಿಗೆ ರಿಯಾಯಿತಿ ಕೊಟ್ಟಿವೆ. ಗುಣವಾದ ಮೇಲೆ ಕಝಾ ತೀರಿಸಬಹುದು. ಗುಣವಾಗುವ ಭರವಸೆ ಇಲ್ಲದವರಿಗೆ ಫಿದ್ಯಾ ಇದೆ: ಶಾಫಿಈ ಮದ್ಹಬಿನಲ್ಲಿ ದಿನಕ್ಕೆ ಒಂದು ಮುದ್ದ್ ಧಾನ್ಯ, ಈ ಕಡೆಯ ಹನಫಿಗಳಲ್ಲಿ ಫಿತ್ರ್‌ನಷ್ಟು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದೂ ಇಬಾದತ್ತೇ ಎಂದು ರೋಗಿಗೆ ಹೇಳಬೇಕಾದವರು ನಾವು ಉಸ್ತಾದರು. ಡಾಕ್ಟರು ಹೇಳಿದ್ದಕ್ಕಿಂತ ಆ ಮಾತನ್ನು ನಮ್ಮ ಬಾಯಿಂದ ಕೇಳಿದರೆ ಅವರ ಮನಸ್ಸಿಗೆ ಸಮಾಧಾನ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕ್ಯಾನ್ಸರಿನಲ್ಲಿ ಕ್ಯಾಲ್ಸಿಯಂ ಏರುವುದು ಹೆಚ್ಚಾಗಿ ರೋಗ ಮುಂದುವರಿದಾಗ. ಡ್ರಿಪ್ ಕೊಟ್ಟು ಇಳಿಸಿದರೂ ಗಡ್ಡೆಗೆ ಚಿಕಿತ್ಸೆ ಇಲ್ಲದಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಏರುತ್ತದೆ. ಹಾಗಾದರೆ ಇಷ್ಟೆಲ್ಲ ಓಡಾಟ ಯಾಕೆ ಎಂದು ಕೇಳುವವರಿದ್ದಾರೆ. ಗೊಂದಲದಲ್ಲಿ ಮಲಗಿದ ಮನುಷ್ಯನಿಗೆ ಪ್ರಜ್ಞೆ ಮರಳಿದರೆ ತನ್ನ ಕರ್ಝ್ ಎಷ್ಟು, ಯಾರಿಗೆ ಕೊಡಬೇಕು ಎಂದು ಹೇಳಬಹುದು. ವಸಿಯ್ಯತ್ ಮಾಡಬಹುದು. ಮುರಿದ ಸಂಬಂಧದವರನ್ನು ಕರೆಸಿ ಮಾಫಿ ಕೇಳಬಹುದು. ಬುದ್ಧಿ ನೆಟ್ಟಗಿದ್ದು ಕಲಿಮ ಹೇಳಬಹುದು. ಆ ಹತ್ತು ಹದಿನೈದು ದಿನದ ಬೆಲೆ ಎಷ್ಟೆಂದು ಮಯ್ಯತ್ ಮನೆಗಳಲ್ಲಿ ಸಾಲದ ಜಗಳ ಕಂಡವರಿಗೆ ಗೊತ್ತು. ಗಡ್ಡೆಗೆ ಚಿಕಿತ್ಸೆ ಇನ್ನೂ ಸಾಧ್ಯವಿರುವವರಿಗಂತೂ, ಮೈಲೋಮಾ, ಲಿಂಫೋಮಾದಂಥವರಿಗೆ, ಇದು ಮುಂದಿನ ವರ್ಷಗಳ ಪ್ರಶ್ನೆ. ಕೊನೆಯ ಹಂತದಲ್ಲಿ ರೋಗಿ ಮತ್ತು ಮನೆಯವರು ಡಾಕ್ಟರ ಜೊತೆ ಕೂತು, ಇನ್ನು ಸೂಜಿ ಬೇಡ, ನೋವು ಕಡಿಮೆ ಮಾಡಿದರೆ ಸಾಕು ಎಂದು ನಿರ್ಧರಿಸುವುದೂ ಉಂಟು. ಅದು ಬೇರೆ. ಪರೀಕ್ಷೆಯನ್ನೇ ಮಾಡಿಸದೆ ಕೈಬಿಡುವುದು ಬೇರೆ.

ಎಲ್ಲಿಗೆ ಹೋಗುವುದು?

ಬಂಡ್ರಿಯಂಥ ಊರಿನವರು ಸಂಡೂರಿನ ತಾಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಮಂಪರು ಇದ್ದರೆ ತಡಮಾಡದೆ ಬಳ್ಳಾರಿಗೆ ಹೋಗಬೇಕು. ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಅಲ್ಲಿದೆ. ಕ್ಯಾನ್ಸರಿಗೆ ರಾಜ್ಯದ ದೊಡ್ಡ ಸರಕಾರಿ ಸಂಸ್ಥೆ ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಶುರುವಾದ ಅದಕ್ಕೆ ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿದೆ. ಆದರೆ ಕ್ಯಾಲ್ಸಿಯಂ ಏರಿದ ರೋಗಿಯನ್ನು ಡ್ರಿಪ್ ಇಲ್ಲದೆ ನೇರ ಬೆಂಗಳೂರಿಗೆ ರಾತ್ರಿಯಿಡೀ ಕಾರಿನಲ್ಲಿ ಒಯ್ಯಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಸಲೈನ್ ಶುರುಮಾಡಿಸಿ, ಅಲ್ಲಿನ ಡಾಕ್ಟರು ಹೇಳಿದ ಮೇಲೆ ಹೊರಡಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ರೇಷನ್ ಕಾರ್ಡ್, ಆಧಾರ್, ಹಳೆಯ ರಿಪೋರ್ಟು ಒಂದೇ ಚೀಲದಲ್ಲಿ ಇರಲಿ. ಗುಣಪಡಿಸುವ ಚಿಕಿತ್ಸೆ ಮುಗಿದವರನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುವ ಕರುಣಾಶ್ರಯ ಎಂಬ ಸಂಸ್ಥೆಯೂ ಬೆಂಗಳೂರಿನಲ್ಲಿದೆ.

ಜಮಾಅತ್‌ನವರಲ್ಲಿ ಒಂದು ವಿನಂತಿ. ನಿಮ್ಮ ಮಹಲ್ಲಿನಲ್ಲಿ ಕ್ಯಾನ್ಸರ್ ರೋಗಿಗಳಿರುವ ಮನೆಗೆ ಹೋದಾಗ ಐದು ಪ್ರಶ್ನೆ ಕೇಳಿ: ಬಾಯಾರಿಕೆ ಹೆಚ್ಚಾಗಿದೆಯೇ, ಮೂತ್ರ ಹೆಚ್ಚು ಹೋಗುತ್ತಿದೆಯೇ, ವಾಂತಿ ಉಂಟೇ, ಹೊಟ್ಟೆ ಹೋಗಿ ಎಷ್ಟು ದಿನವಾಯಿತು, ಮಾತಿನಲ್ಲಿ ಗೊಂದಲ ಉಂಟೇ. ಎರಡಕ್ಕೆ ಹೌದು ಎಂದರೆ ಅಂದೇ ರಕ್ತಪರೀಕ್ಷೆ ಮಾಡಿಸಿ. ಗೊಂದಲ ಒಂದಕ್ಕೇ ಹೌದು ಎಂದರೂ ಆಸ್ಪತ್ರೆ. ಊದಿದ ನೀರಿನ ಬಾಟಲಿಯೂ ಜೊತೆಗಿರಲಿ, ಆಟೋ ಮಾತ್ರ ಆಸ್ಪತ್ರೆಯ ದಾರಿ ಹಿಡಿಯಲಿ. ಎಲ್ಲ ರೋಗಿಗಳಿಗೂ ಅಲ್ಲಾಹನು ಶಿಫಾ ಕರುಣಿಸಲಿ, ಆಮೀನ್.